ಸದ್ದು ಮೊದಲು, ಭಾರ ಆಮೇಲೆ

"ಕಾಲು ಎತ್ತಿ ಇಡಬೇಡ, ಎಳೆದುಕೊಂಡು ನಡೆ."

ದೋಣಿಯಿಂದ ನೀರಿಗೆ ಇಳಿಯುತ್ತಿದ್ದಂತೆ ಕ್ಯಾಪ್ಟನ್ ಹೇಳಿದ ಮೊದಲ ಮಾತು ಇದು. 2025ರ ಏಪ್ರಿಲ್ ಕೊನೆಯ ವಾರ, ಬೆಳಗಿನ ಆರು ಗಂಟೆ. ಸೂರ್ಯ ಹುಟ್ಟಲು ಇನ್ನೂ ಮುಕ್ಕಾಲು ಗಂಟೆಯಿತ್ತು. ನೀರು ತೊಡೆಯವರೆಗೆ. ತಳದ ಮರಳಿನಲ್ಲಿ ತೊರಕೆ ಮೀನು ಹುದುಗಿ ಮಲಗಿರುತ್ತದೆ. ಅದರ ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಮೀನಖಂಡಕ್ಕೆ ಇಳಿಯುತ್ತದೆ. ಮರಳನ್ನು ತಳ್ಳಿಕೊಂಡು ಹೋದರೆ ಅದೇ ಎದ್ದು ದಾರಿ ಬಿಡುತ್ತದೆ. ಈ ಪಾಠ ನನಗೆ ಹೊಸದಾಗಿರಲಿಲ್ಲ. ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಬೀಸುಬಲೆ ಹೆಗಲಿಗೇರಿಸಿ ನಡೆಯುತ್ತಿದ್ದ ನನ್ನಜ್ಜನೂ ಹೀಗೆಯೇ ಕಾಲೆಳೆದು ನಡೆಯುತ್ತಿದ್ದ. ನಾಲ್ಕು ಹೆಜ್ಜೆಯಲ್ಲಿ ಕಾಲಿಗೆ ಆ ಲಯ ನೆನಪಾಯಿತು.

ಟೆಕ್ಸಾಸಿನ ದಕ್ಷಿಣ ಕರಾವಳಿಯ ಈ ಹಿನ್ನೀರಿಗೆ ಬಾಫಿನ್ ಕೊಲ್ಲಿ ಎಂದು ಹೆಸರು. ಹೂಸ್ಟನ್ನಿನಿಂದ ಸುಮಾರು 400 ಕಿಲೋಮೀಟರ್. ವಿಕ್ಟೋರಿಯಾ, ರೆಫ್ಯೂಜಿಯೊ, ಕಿಂಗ್ಸ್‌ವಿಲ್ ದಾಟಿ ದಕ್ಷಿಣಕ್ಕೆ ಇಳಿಯುತ್ತಾ ಹೋದಂತೆ ಊರುಗಳು ತೆಳುವಾಗುತ್ತವೆ, ಆಕಾಶ ಅಗಲವಾಗುತ್ತದೆ. ಭೂಪಟದಲ್ಲಿ ನೋಡಿದರೆ ಪಾಡ್ರೆ ದ್ವೀಪವೆಂಬ ಉದ್ದನೆಯ ಮರಳಪಟ್ಟಿ, ಅದರಾಚೆ ಮೆಕ್ಸಿಕೋ ಕೊಲ್ಲಿ, ಈಚೆ ಲಗೂನಾ ಮಾದ್ರೆ ಎಂಬ ನೀಳ ಹಿನ್ನೀರು. ಆ ಹಿನ್ನೀರಿನಿಂದ ಪಶ್ಚಿಮಕ್ಕೆ ಕೈಚಾಚಿದ ಹಾಗಿರುವುದು ಬಾಫಿನ್. ಒಂದು ಬದಿಗೆ ಸ್ವರ್ಣಾ ನದಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ, ನಡುವೆ ಮರಳ ನಾಲಿಗೆ: ನಮ್ಮ ಬೆಂಗ್ರೆಯೂ ಹಾಗೆಯೇ. ಅದನ್ನೇ ನೂರು ಮೈಲಿಗೆ ಎಳೆದು, ತೆಂಗಿನಮರಗಳನ್ನು ಕಿತ್ತು, ಮಳೆಗಾಲವನ್ನು ತೆಗೆದುಬಿಟ್ಟರೆ ಪಾಡ್ರೆ.

ಮಳೆ ಇಲ್ಲದಿರುವುದೇ ಇಲ್ಲಿನ ದೊಡ್ಡ ವಿಷಯ. ಈ ಹಿನ್ನೀರಿಗೆ ಹೇಳಿಕೊಳ್ಳುವಂಥ ನದಿ ಬಂದು ಸೇರುವುದಿಲ್ಲ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಸಾಮಾನ್ಯ ಕಡಲ ನೀರಿನಲ್ಲಿ ಸಾವಿರಕ್ಕೆ 35 ಪಾಲು ಉಪ್ಪಿದ್ದರೆ, ಬರಗಾಲದಲ್ಲಿ ಇಲ್ಲಿ 50 ದಾಟುತ್ತದೆ. 1949ರಲ್ಲಿ ಹಡಗುಗಳಿಗಾಗಿ ಲಗೂನಾ ಮಾದ್ರೆಯ ಉದ್ದಕ್ಕೂ ಕಾಲುವೆ ತೋಡಿದ ಮೇಲೆ ನೀರಿಗೆ ಸ್ವಲ್ಪ ಓಡಾಟ ಬಂತು, ಉಪ್ಪು ಸ್ವಲ್ಪ ಇಳಿಯಿತು. ಆದರೂ ಕೈ ಒದ್ದೆಮಾಡಿ ಗಾಳಿಗೆ ಹಿಡಿದರೆ ಚರ್ಮದ ಮೇಲೆ ಬಿಳಿ ಪುಡಿ ಉಳಿಯುತ್ತದೆ. ಇಂಥ ನೀರಿನಲ್ಲಿ ಬದುಕುವ ಮೀನು ಗಟ್ಟಿ ಮೀನು.

ಬೆಳಕು ಮೂಡುವಾಗ ದಡದ ಕುರುಚಲು ಕಾಡಿನಂಚಿನಲ್ಲಿ ಒಂದು ದೊಡ್ಡ ಪ್ರಾಣಿ ನಿಂತಿತ್ತು. ಬೂದು ನೀಲಿ ಮೈ, ಕುತ್ತಿಗೆಯಡಿ ಕೂದಲ ಗೊಂಡೆ, ಕುಳ್ಳ ಕೊಂಬು. ನೀಲಗಾಯ್! ಕಣ್ಣುಜ್ಜಿ ಮತ್ತೆ ನೋಡಿದೆ. 1853ರಲ್ಲಿ ಶುರುವಾದ ಕಿಂಗ್ ರಾಂಚ್ ಎಂಬ ವಿಶಾಲ ದನಗಾವಲು ಈ ಕೊಲ್ಲಿಯ ದಡದವರೆಗೂ ಹಬ್ಬಿದೆ. 1920-30ರ ದಶಕಗಳಲ್ಲಿ ಅಲ್ಲಿನವರು ಮೃಗಾಲಯದಿಂದ ತಂದು ಬಿಟ್ಟ ನೀಲಗಾಯ್‌ಗಳು ಈಗ ದಕ್ಷಿಣ ಟೆಕ್ಸಾಸಿನ ತುಂಬ ಹರಡಿವೆ. ಭಾರತದ ಬಯಲಿನ ಪ್ರಾಣಿ ನೀರಿನಂಚಿಗೆ ಬಂದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಕ್ಯಾಪ್ಟನ್ ತಲೆ ಕೂಡ ಎತ್ತಲಿಲ್ಲ. ಅವನಿಗೆ ಅದು ಹುಟ್ಟಿದಾಗಿನಿಂದ ನೋಡಿದ ಊರ ಪ್ರಾಣಿ.

ನಾವು ಬಂದದ್ದು ಸ್ಪೆಕಲ್ಡ್ ಟ್ರೌಟ್ ಹಿಡಿಯಲು. ಹೆಸರಿನಲ್ಲಿ ಟ್ರೌಟ್ ಇದ್ದರೂ ಇದು ಟ್ರೌಟ್ ಜಾತಿಯದಲ್ಲ. ತಣ್ಣನೆಯ ಬೆಟ್ಟದ ತೊರೆಗಳ ಟ್ರೌಟ್ ಮೀನಿನ ಬೆನ್ನಲ್ಲಿರುವಂಥ ಚುಕ್ಕಿಗಳನ್ನು ಕಂಡು ಮೊದಲು ಬಂದ ಬಿಳಿಯರು ಹಾಗೆ ಕರೆದುಬಿಟ್ಟರು, ಅದೇ ಉಳಿಯಿತು. ಇದು ಸೇರುವುದು ಸಯೆನಿಡೇ ಕುಟುಂಬಕ್ಕೆ. ಇಂಗ್ಲಿಷಿನವರು ಕ್ರೋಕರ್ ಅನ್ನುವ, ಗೊರಗೊರ ಸದ್ದು ಮಾಡುವ ಮೀನುಗಳ ಕುಟುಂಬ ಅದು. ನಮ್ಮ ಮಲ್ಪೆಯ ಬುಟ್ಟಿಗಳಲ್ಲಿ ಬರುವ ಕೊಡ್ಡಾಯಿ ಅದೇ ಕುಟುಂಬದ್ದು. ಗುಜರಾತ್ 2023ರಲ್ಲಿ ತನ್ನ ರಾಜ್ಯಮೀನೆಂದು ಘೋಷಿಸಿದ ಘೋಳ್ ಕೂಡ ಅದೇ ಕುಟುಂಬದ್ದು. ಇದನ್ನು ಓದಿ ತಿಳಿದ ದಿನ ನನಗಾದ ಸಂತೋಷ ದೊಡ್ಡದು. ಹನ್ನೆರಡು ವರ್ಷದಿಂದ ಪರಕೀಯವೆಂದುಕೊಂಡಿದ್ದ ಈ ಕಡಲಿನಲ್ಲಿ ನಮ್ಮ ಮನೆಯ ಸಾರಿನ ಮೀನಿನ ದಾಯಾದಿಯೊಂದು ಈಜುತ್ತಿತ್ತು.

ಇದನ್ನು ಹಿಡಿಯಲು ಹಲವು ದಾರಿಗಳಿವೆ. ಜೀವಂತ ಸಿಗಡಿ ಕಟ್ಟಬಹುದು. ಅದೇ ಕುಟುಂಬದ ಸಣ್ಣ ಕ್ರೋಕರ್ ಮರಿಯನ್ನು ಕೊಕ್ಕೆಗೆ ಸಿಕ್ಕಿಸಬಹುದು. ಬೇಸಿಗೆಯಲ್ಲಿ ಅದರಷ್ಟು ಖಚಿತವಾದ ಉಪಾಯ ಇನ್ನೊಂದಿಲ್ಲ ಅನ್ನುತ್ತಾರೆ, ಅದು ಸರಿಯೇ ಎಂಬ ಜಗಳ ಇಲ್ಲಿನ ಪ್ರತಿ ದೋಣಿಕಟ್ಟೆಯಲ್ಲೂ ಇದೆ. ಕ್ಯಾಪ್ಟನ್ ಎರಡನ್ನೂ ಮುಟ್ಟುವುದಿಲ್ಲ. ಅವನ ಡಬ್ಬಿಯಲ್ಲಿದ್ದದ್ದು ಬೆರಳುದ್ದದ ಪ್ಲಾಸ್ಟಿಕ್ ಹುಸಿಮೀನುಗಳು, ನೀರಿನ ಮೇಲೆಯೇ ತೇಲಿ ಓಡುವಂಥವು. ಇಲ್ಲಿನವರ ಮಾತಿನಲ್ಲಿ ಟಾಪ್‌ವಾಟರ್. ನನ್ನ ಕೈಗೆ ಕೊಟ್ಟದ್ದು ಹಳೆ ಎಲುಬಿನ ಬಣ್ಣದ್ದು. ಅಲುಗಾಡಿಸಿದರೆ ಒಳಗೆ ಉಕ್ಕಿನ ಗುಂಡುಗಳು ಕಟಕಟ ಅಂದವು.

ಈ ಹುಸಿಮೀನಿಗೊಂದು ಕಥೆಯಿದೆ. ಮಿಶಿಗನ್ನಿನ ಡೋವಾಜಿಯಾಕ್ ಎಂಬ ಊರಿನಲ್ಲಿ ಜೇಮ್ಸ್ ಹೆಡನ್ ಎಂಬ ಜೇನು ಸಾಕುವವನಿದ್ದ. ಕೆರೆಯ ದಡದಲ್ಲಿ ಯಾರಿಗೋ ಕಾಯುತ್ತ ಚಾಕುವಿನಿಂದ ಕಟ್ಟಿಗೆ ತುಂಡು ಕೆತ್ತುತ್ತಿದ್ದನಂತೆ. ಬೇಸರಕ್ಕೆ ಅದನ್ನು ನೀರಿಗೆಸೆದಾಗ ಮೀನೊಂದು ಎದ್ದು ಬಡಿಯಿತಂತೆ. ಆ ಮೇಲೆ ಅವನ ಮನೆತನ ಕಟ್ಟಿಗೆಯ ಹುಸಿಮೀನುಗಳ ಕಾರ್ಖಾನೆಯನ್ನೇ ಕಟ್ಟಿತು. ಫ್ಲಾರಿಡಾದ ಪೆನ್ಸಕೋಲಾ ಊರಿನ ಒಂದು ಬೀದಿಯ ಹೆಸರು ಹೊತ್ತ ಜರಗೋಸಾ ಎಂಬ ಕಟ್ಟಿಗೆಯ ಮೀನು 1939ರ ಹೊತ್ತಿಗೆ ಪ್ಲಾಸ್ಟಿಕ್ಕಿಗೆ ಬದಲಾಗಿ ಜಾರಾ ಸ್ಪೂಕ್ ಆಯಿತು. ನನ್ನ ಕೈಯಲ್ಲಿದ್ದದ್ದು ಅದರ ವಂಶದ್ದೇ.

ಅದಕ್ಕೆ ಸ್ವಂತ ಚಲನೆ ಇಲ್ಲ. ಸುಮ್ಮನೆ ಎಳೆದರೆ ಕಡ್ಡಿಯ ಹಾಗೆ ನೇರ ಬರುತ್ತದೆ. ಕೋಲಿನ ತುದಿಯನ್ನು ನೀರಿನತ್ತ ಇಳಿಸಿ, ಮಣಿಕಟ್ಟಿನಿಂದ ಚಿಕ್ಕ ಪೆಟ್ಟು ಕೊಟ್ಟು, ಆ ಕೂಡಲೇ ದಾರ ಸಡಿಲ ಬಿಡಬೇಕು. ಆಗ ಅದರ ಮೂಗು ಎಡಕ್ಕೆ ತಿರುಗುತ್ತದೆ. ಇನ್ನೊಂದು ಪೆಟ್ಟಿಗೆ ಬಲಕ್ಕೆ. ನನಗೆ ಮೊದಲ ಹತ್ತು ನಿಮಿಷ ಒಲಿಯಲಿಲ್ಲ. ಎಳೆಯುವುದು ಗೊತ್ತಿತ್ತು, ಬಿಡುವುದು ಗೊತ್ತಿರಲಿಲ್ಲ. ಆಮೇಲೆ ಥಟ್ಟನೆ ನೆನಪಾದದ್ದು ಅಮ್ಮ ಕಂಬಕ್ಕೆ ಕಡಗೋಲು ಕಟ್ಟಿ ಮಜ್ಜಿಗೆ ಕಡೆಯುತ್ತಿದ್ದದ್ದು. ಒಂದು ಕೈ ಹಗ್ಗವನ್ನು ಎಳೆಯುವಾಗ ಇನ್ನೊಂದು ಕೈ ಬಿಟ್ಟುಕೊಡಬೇಕು. ಎರಡೂ ಬಿಗಿದರೆ ಕಡಗೋಲು ನಿಂತುಬಿಡುತ್ತದೆ. ಆ ಲೆಕ್ಕ ಹಿಡಿದ ಮೇಲೆ ಎಲುಬು ಬಣ್ಣದ ತುಂಡು ನೀರಿನ ಮೇಲೆ ತಲೆಯಾಡಿಸುತ್ತಾ ಬಂತು. ಎಡ, ಬಲ, ಎಡ, ಬಲ, ಒಳಗಿನ ಗುಂಡಿನ ಕಟಕಟ ಬೇರೆ. ಸುಸ್ತಾದ ಮುಲ್ಲೆಟ್ ಮರಿ ನೀರು ಸೀಳಿಕೊಂಡು ಹೋಗುವಾಗ ಹೀಗೆಯೇ ಕಾಣುತ್ತದೆ. ಕೊಂಕಣಿಯವರ ಶೇವ್ಟೊ ಮೀನು ಅದು, ನಮ್ಮ ಅಳಿವೆಗಳಲ್ಲೂ ಗುಂಪುಗುಂಪಾಗಿ ಹಾರುವಂಥದ್ದು.

ಮೊದಲ ಹೊಡೆತ ಬಿದ್ದಾಗ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮೂವತ್ತು ಗಜ ದೂರದಲ್ಲಿ ಹುಸಿಮೀನಿನ ಹಿಂದೆ ನೀರು ಉಬ್ಬಿತು. ಮರುಕ್ಷಣ ಹಲಸಿನಹಣ್ಣು ಬಾವಿಗೆ ಬಿದ್ದ ಹಾಗೆ ಒಂದು ಸದ್ದು. ನಾನು ಇಡೀ ಮೈಯಿಂದ ಕೋಲನ್ನು ಹಿಂದಕ್ಕೆ ಎಳೆದೆ. ಹುಸಿಮೀನು ಗಾಳಿಯಲ್ಲಿ ಹಾರಿ ಬಂದು ನನ್ನ ಎದೆಯ ಮುಂದೆ ಬಿತ್ತು. ಕೊಕ್ಕೆಯಲ್ಲಿ ಏನೂ ಇರಲಿಲ್ಲ. ಎರಡನೆಯದೂ ಹಾಗೆಯೇ ಹೋಯಿತು, ಮೂರನೆಯದೂ. ನಾಲ್ಕನೆಯ ಸಲ ಮೀನು ಒಂದು ಕ್ಷಣ ಸಿಕ್ಕಿತು, ತಲೆ ಕೊಡವಿತು, ಹೋಯಿತು. ಕೊಕ್ಕೆಯ ತುದಿಯಲ್ಲಿ ಹಳದಿಯ ತೆಳುಚರ್ಮ ಅಂಟಿಕೊಂಡಿತ್ತು. ಅದನ್ನು ನೋಡಿ ನನಗೆ ಸಂಕಟವಾಯಿತು. ಸಿಗದಿದ್ದರೆ ಹೋಗಲಿ, ಗಾಯ ಮಾಡಿ ಕಳಿಸಿದ್ದೆ.

ಕ್ಯಾಪ್ಟನ್ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: "ನೀನು ಸದ್ದಿಗೆ ಎಳೆಯುತ್ತಿದ್ದೀಯ. ಸದ್ದು ಮೀನಲ್ಲ. ಭಾರ ಮೀನು."

ಆಮೇಲೆ ಬಿಡಿಸಿ ಹೇಳಿದ. ಈ ಮೀನು ಮೇಲಿನ ಬೇಟೆಯನ್ನು ಎಷ್ಟೋ ಸಲ ಮೊದಲು ಬಡಿಯುತ್ತದೆ, ಆಮೇಲೆ ತಿರುಗಿ ಬಂದು ಬಾಯಿಗೆ ಹಾಕಿಕೊಳ್ಳುತ್ತದೆ. ಸದ್ದು ಕೇಳಿದ ಕೂಡಲೇ ಎಳೆದರೆ ಅದರ ಬಾಯಿಂದ ಕಿತ್ತುಕೊಂಡ ಹಾಗೆ. ಮೇಲ್ದವಡೆಯಲ್ಲಿ ಎರಡು ಕೋರೆಹಲ್ಲುಗಳಿದ್ದರೂ ಇದರ ಬಾಯಿಯ ಅಂಚು ಹಪ್ಪಳದಷ್ಟು ತೆಳು. ಅಟ್ಲಾಂಟಿಕ್ ಕಡೆಯ ಇದರ ಸೋದರ ಮೀನಿಗೆ ವೀಕ್‌ಫಿಶ್ ಎಂದೇ ಹೆಸರು, ಬಾಯಿ ಅಷ್ಟು ಬೇಗ ಹರಿಯುತ್ತದೆ. ಹಾಗಾಗಿ ನೀರು ಸಿಡಿದರೂ ಕೈ ನಿಲ್ಲಿಸಬಾರದು, ಎಡ ಬಲ ನಡೆಯುತ್ತಲೇ ಇರಬೇಕು. ದಾರದಲ್ಲಿ ಭಾರ ತಿಳಿದ ಮೇಲೆ ಕೋಲನ್ನು ಸುಮ್ಮನೆ ಓರೆಗೆ ಒಯ್ದರೆ ಸಾಕು. ಹೇಳುವುದಕ್ಕೆ ಇದು ಒಂದು ವಾಕ್ಯ. ಮಾಡುವಾಗ ಎದೆ ಬಾಯಿಗೆ ಬಂದಿರುತ್ತದೆ, ಕೈ ನಡುಗುತ್ತಿರುತ್ತದೆ. ಆ ಸದ್ದಿಗೂ ಭಾರಕ್ಕೂ ನಡುವಿನ ಒಂದೆರಡು ಸೆಕೆಂಡಿನಲ್ಲಿ ಏನೂ ಮಾಡದೆ ಇರುವುದು ನಾನು ಕಲಿತ ಕಷ್ಟದ ಕೆಲಸಗಳಲ್ಲಿ ಒಂದು. ಈ ಬಗೆಯ ಮೀನುಗಾರಿಕೆ ಇರುವುದೇ ಆ ಎರಡು ಸೆಕೆಂಡಿನಲ್ಲಿ ಎಂದು ನನಗನ್ನಿಸಿತು.

ಒಂಬತ್ತರೊಳಗೆ ಎರಡು ಮೀನು ಸಿಕ್ಕವು. ಹದಿನೇಳು ಇಂಚಿನವು, ಎರಡೂ ಗಂಡು. ಕೈಗೆತ್ತಿಕೊಂಡಾಗ ಒಂದೊಂದೂ ಗೊರ್‌ ಗೊರ್‌ ಅಂದಿತು. ಗಾಳಿಚೀಲದ ಪಕ್ಕದ ಸ್ನಾಯುವನ್ನು ಅದುರಿಸಿ ಮಾಡುವ ಸದ್ದು ಅದು. ಈ ಜಾತಿಯಲ್ಲಿ ಆ ಸ್ನಾಯು ಇರುವುದು ಗಂಡಿಗೆ ಮಾತ್ರ. ಹೆಣ್ಣು ಮೌನ.

ಬಿಸಿಲೇರಿದ ಹಾಗೆ ನೀರು ಸುಮ್ಮನಾಯಿತು. ಕ್ಯಾಪ್ಟನ್ ದೋಣಿಯನ್ನು ನಿಧಾನ ನಡೆಸುತ್ತಾ ಮೂಗು ಎತ್ತಿ ಹಿಡಿದಿದ್ದ. ನೀರಿನಡಿ ಅಲ್ಲಲ್ಲಿ ಕಲ್ಲುಗುಪ್ಪೆಗಳಿವೆ, ಕೊಳವೆ ಹುಳುಗಳು ಸಾವಿರಾರು ವರ್ಷ ಹಿಂದೆ ಕಟ್ಟಿದ ಗೂಡುಗಳ ದಿಬ್ಬಗಳು. ವೇಗವಾಗಿ ಹೋದರೆ ಮೋಟಾರಿನ ರೆಕ್ಕೆ ಪುಡಿಯಾಗುತ್ತದೆ. "ಬಂತು" ಅಂದ. ನನಗೂ ಬಂತು: ಆಗಷ್ಟೇ ಕೊಯ್ದ ಕಲ್ಲಂಗಡಿ ಹಣ್ಣಿನ ವಾಸನೆ! ಸುತ್ತ ಉಪ್ಪು ನೀರು, ನಡುವೆ ಕಲ್ಲಂಗಡಿ. ತಟ್ಟೆಯಷ್ಟು ಅಗಲಕ್ಕೆ ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ ನುಣುಪಾದ ಜಾಗವಿತ್ತು. ಕೆಳಗೆ ಟ್ರೌಟ್ ಗುಂಪು ಮುಲ್ಲೆಟ್‌ಗಳನ್ನು ತಿನ್ನುವಾಗ ಮೇಲಕ್ಕೆದ್ದು ಬರುವ ಕೊಬ್ಬು ಅದು. ತಟ್ಟೆಯಷ್ಟಿದ್ದರೆ ಮೀನು ಅಲ್ಲೇ ಇದೆ, ಅಂಗಳದಷ್ಟು ಹರಡಿದ್ದರೆ ಆಗಲೇ ಮುಂದೆ ಹೋಗಿದೆ. ಅಜ್ಜ ಸಮುದ್ರದ ಬಣ್ಣ ನೋಡಿ ಬಂಗುಡೆಯ ಗುಂಪು ಹೇಳುತ್ತಿದ್ದ. ಇವನು ಮೂಗಿನಿಂದ ಹೇಳುತ್ತಾನೆ.

ಅಲ್ಲಿ ಲಂಗರು ಇಳಿಸಿ, ಕಲಕಿದ ನೀರು ಶಾಂತವಾಗಲಿ ಎಂದು ಕಾಯುವಾಗ ಅವನು 2021ರ ಫೆಬ್ರವರಿಯ ಚಳಿಯ ಮಾತು ತೆಗೆದ. ಟೆಕ್ಸಾಸಿನಲ್ಲಿ ವಿದ್ಯುತ್ ಹೋಗಿ ಮನೆಗಳು ಹೆಪ್ಪುಗಟ್ಟಿದ ಆ ವಾರ ನನಗೂ ನೆನಪಿದೆ. ನಾವು ಹೂಸ್ಟನ್ನಿನಲ್ಲಿ ಕಂಬಳಿ ಹೊದ್ದು ಕೂತಿದ್ದೆವು. ಇಲ್ಲಿ ಮೀನುಗಳಿಗೆ ಹೊದಿಕೆ ಇರಲಿಲ್ಲ. ಲಗೂನಾ ಮಾದ್ರೆಯ ಹೆಚ್ಚಿನ ಭಾಗ ಒಂದು ಮೀಟರಿನಷ್ಟೇ ಆಳ, ಅಷ್ಟು ತೆಳುನೀರು ಒಂದೆರಡು ರಾತ್ರಿಯಲ್ಲಿ ತಣ್ಣಗಾಗುತ್ತದೆ, ಆಳದ ಕಾಲುವೆ ಮುಟ್ಟುವಷ್ಟರಲ್ಲಿ ಮೀನು ಮರಗಟ್ಟುತ್ತದೆ. ರಾಜ್ಯದ ವನ್ಯಜೀವಿ ಇಲಾಖೆಯ ಅಂದಾಜಿನಂತೆ ಕರಾವಳಿಯಲ್ಲಿ ಸತ್ತ ಮೀನು ಕನಿಷ್ಠ 38 ಲಕ್ಷ. ಅದರಲ್ಲಿ ಸುಮಾರು 1,60,000 ಈ ಟ್ರೌಟ್, ಹೆಚ್ಚಿನವು ಲಗೂನಾ ಮಾದ್ರೆಯವು. 1983ರಲ್ಲೂ 1989ರಲ್ಲೂ ಇನ್ನೂ ದೊಡ್ಡ ಸಾವುಗಳಾಗಿದ್ದವು. 1983ರ ಡಿಸೆಂಬರಿನಲ್ಲಿ ಸತ್ತವು 1 ಕೋಟಿ 44 ಲಕ್ಷ. "ದಡದುದ್ದಕ್ಕೂ ಬೆಳ್ಳಗೆ ಹೊಟ್ಟೆ ಮೇಲಾಗಿ ಬಿದ್ದಿದ್ದವು. ತೋಳುದ್ದದ ಹೆಣ್ಣುಗಳು" ಅಂದ. ಮುಂದೆ ಮಾತಾಡಲಿಲ್ಲ.

ಅವನ ಅಪ್ಪ ಬಲೆ ಹಾಕಿ ಬದುಕಿದವನು. 1981ರಲ್ಲಿ ಟೆಕ್ಸಾಸ್ ಶಾಸನಸಭೆ ಇಲ್ಲಿನ ಟ್ರೌಟ್ ಮತ್ತು ರೆಡ್‌ಫಿಶ್ ಮಾರುವುದನ್ನೇ ನಿಷೇಧಿಸಿತು. 1988ರಲ್ಲಿ ಕರಾವಳಿಯ ನೀರಿನಲ್ಲಿ ಗಿಲ್‌ನೆಟ್ ಬಲೆಗಳೂ ನಿಂತವು. ಮೀನು ಉಳಿದದ್ದು ಅದರಿಂದ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಬೆಲೆ ತೆತ್ತವರು ಸಣ್ಣ ದೋಣಿಯವರು. ಕೈರಂಪಣಿ ಬಲೆ ಎಳೆಯುವವರ ಮನೆಯಲ್ಲಿ ಬೆಳೆದ ನನಗೆ ಆ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳಲು ಮನಸ್ಸು ಬರುವುದಿಲ್ಲ. ಅಪ್ಪನ ಬಲೆ ಹೋಯಿತು, ಮಗ ಅದೇ ನೀರಿನಲ್ಲಿ ನನ್ನಂಥವರಿಗೆ ದಾರಿ ತೋರಿಸಿ ಬದುಕುತ್ತಿದ್ದಾನೆ.

ನೀರಿಗಿಳಿದು, ಕಾಲೆಳೆದು, ಆ ನುಣುಪಿನ ಗಾಳಿಮುಖದ ಬದಿಗೆ ಹೋದೆ. ಹುಲ್ಲುಹಾಸಿನ ನಡುವೆ ಬಟ್ಟಲಿನಂಥ ಮರಳ ತಗ್ಗುಗಳಿದ್ದವು. ಎರಡನೆಯ ಎಸೆತ ಒಂದು ತಗ್ಗಿನಾಚೆ ಬಿತ್ತು. ಎಡ, ಬಲ, ಎಡ, ಬಲ. ತಗ್ಗಿನ ಮೇಲೆ ಬರುತ್ತಿದ್ದ ಹಾಗೆ ನೀರು ಸಿಡಿಯಲಿಲ್ಲ, ಸದ್ದೂ ದೊಡ್ಡದಾಗಲಿಲ್ಲ. ಯಾರೋ ತುಟಿ ಚಪ್ಪರಿಸಿದ ಹಾಗೆ ಒಂದು ಸಣ್ಣ ಸಪ್ಪಳ, ಹುಸಿಮೀನು ಕಾಣೆಯಾಯಿತು. ಕೈ ತನ್ನಷ್ಟಕ್ಕೆ ನಡೆಯುತ್ತಲೇ ಇತ್ತು. ಒಂದು. ಎರಡು. ಆಮೇಲೆ ದಾರ ಭಾರವಾಯಿತು. ನೆನೆದ ಗೋಣಿಚೀಲ ತಗುಲಿದ ಹಾಗೆ ಭಾರ. ಕೋಲನ್ನು ಓರೆಗೆ ಒಯ್ದೆ.

ರೀಲು ಕಿರುಚಿಕೊಂಡಿತು. ಮೀನು ಮೇಲೆ ಬಂದು ಬಾಯಿ ತೆರೆದು ತಲೆ ಕೊಡವಿದಾಗ ಒಳಗಿನ ಹಳದಿ ಬಣ್ಣ ಅಷ್ಟು ದೂರದಿಂದ ಕಂಡಿತು. "ಬಿಗಿಯಬೇಡ, ಸಡಿಲವನ್ನೂ ಬಿಡಬೇಡ" ಎಂದು ಕ್ಯಾಪ್ಟನ್ ಕೂಗಿದ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೊನೆಗೆ ನನ್ನ ತೊಡೆಯ ಪಕ್ಕ ಬಂದು ಮಗ್ಗುಲಾಗಿ ನಿಂತಿತು. ಬೆನ್ನು ಸಾಯಂಕಾಲದ ಕಡಲಿನ ಬಣ್ಣ, ಅದರ ಮೇಲೆ ಕಾಡಿಗೆಯಿಂದ ಇಟ್ಟ ಹಾಗೆ ಚುಕ್ಕಿಗಳು, ಬಾಲದವರೆಗೂ. ಪಕ್ಕೆಯಲ್ಲಿ ತಿಳಿ ನೇರಳೆಯ ಹೊಳಪು. ಅಳತೆಪಟ್ಟಿಯಲ್ಲಿ 27 ಇಂಚು. ಅದು ಸದ್ದು ಮಾಡಲಿಲ್ಲ. 25 ಇಂಚು ದಾಟಿದ ಟ್ರೌಟ್ ಬಹುಪಾಲು ಹೆಣ್ಣೇ ಆಗಿರುತ್ತದೆ. ಇಷ್ಟು ಬೆಳೆದದ್ದು ಬಹುಶಃ 2021ರ ಆ ವಾರವನ್ನು ಯಾವುದೋ ಆಳದ ಕಾಲುವೆಯ ತಳದಲ್ಲಿ ಕಳೆದು ಬಂದಿರಬೇಕು. ಏಪ್ರಿಲ್ ಅಂದರೆ ಮೊಟ್ಟೆಯ ಕಾಲ, ಹೊಟ್ಟೆ ತುಂಬಿತ್ತು.

ಅದನ್ನು ನೀರಿನಿಂದ ಎತ್ತಲಿಲ್ಲ. ಕ್ಯಾಪ್ಟನ್ ಮೊದಲೇ ಕೊಕ್ಕೆಗಳ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದ, ಒಂದು ತಿರುವಿಗೆ ಕೊಕ್ಕೆ ಬಿಟ್ಟುಕೊಂಡಿತು. ಒದ್ದೆ ಕೈಯಲ್ಲಿ ಹೊಟ್ಟೆಯಡಿ ಆಧಾರ ಕೊಟ್ಟು ಹಿಡಿದೆ. ಕಿವಿರು ತೆರೆಯಿತು, ಮುಚ್ಚಿತು. ಬೆರಳಿಗೆ ಅದರ ಉಸಿರಿನ ಲಯ ತಿಳಿಯುತ್ತಿತ್ತು. ಫೋಟೊ ತೆಗೆಯಲೇ ಎಂದು ಕ್ಯಾಪ್ಟನ್ ಕೇಳಿದ, ಬೇಡವೆಂದೆ. ಬಾಲ ಒಂದು ಸಲ ಬಡಿಯಿತು, ಅಂಗೈ ಖಾಲಿಯಾಯಿತು.

ಸಂಜೆ ದಡದ ಗುಡಿಸಲಿನಲ್ಲಿ ಬೆಳಗಿನ ಎರಡು ಮೀನು ಕೊಯ್ದೆ. ಇದರ ಮಾಂಸ ಮೃದು, ಮರುದಿನಕ್ಕೆ ಇಟ್ಟರೆ ಕೆಡುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ, ತೆಂಗಿನತುರಿ ಅರೆದ ಮಸಾಲೆಯನ್ನು ಮನೆಯಿಂದ ಡಬ್ಬಿಯಲ್ಲಿ ತಂದಿದ್ದೆ. ತಲೆ ಸೀಳಿದಾಗ ಒಳಗೆ ಎರಡು ಬಿಳಿ ಕಲ್ಲು ಸಿಕ್ಕವು, ಹುರುಳಿಕಾಳಿಗಿಂತ ದೊಡ್ಡವು. ಕೊಡ್ಡಾಯಿಯ ತಲೆಯಲ್ಲೂ ಹೀಗೆಯೇ ಇರುತ್ತವೆ. ಚಿಕ್ಕಂದಿನಲ್ಲಿ ಊಟದ ತಟ್ಟೆಯ ಅಂಚಿನಲ್ಲಿ ಅವನ್ನು ಕೂಡಿಸಿಟ್ಟು ಆಡುತ್ತಿದ್ದೆವು. ಮೀನಿನ ಕಿವಿಯ ಕಲ್ಲುಗಳು ಅವು, ಅದಕ್ಕೆ ಸಮತೋಲನವೂ ಕೇಳುವಿಕೆಯೂ ಅವುಗಳಿಂದಲೇ. ಎರಡನ್ನೂ ತೊಳೆದು ಕಿಸೆಗೆ ಹಾಕಿಕೊಂಡೆ. ಕ್ಯಾಪ್ಟನ್ ಸಾರು ಎರಡು ಸಲ ಹಾಕಿಸಿಕೊಂಡ.

ಕತ್ತಲಾಗುವ ಹೊತ್ತಿಗೆ ಅವನು ದೋಣಿಯ ತಳದ ಹಲಗೆಗೆ ಕಿವಿ ಇಡಲು ಹೇಳಿದ. ಮೊದಲು ಬರೀ ನೀರಿನ ತಟತಟ. ಆಮೇಲೆ ಅದರಡಿಯಿಂದ ಇನ್ನೊಂದು ಸದ್ದು ಎದ್ದಿತು, ದೂರದಲ್ಲಿ ಹಲವರು ಬೆರಳ ತುದಿಯಿಂದ ಮದ್ದಳೆ ನುಡಿಸುತ್ತಿದ್ದ ಹಾಗೆ. ಗಂಡುಗಳು ಹೆಣ್ಣನ್ನು ಕರೆಯುತ್ತಿದ್ದವು. ಮುಸ್ಸಂಜೆಗೆ ಶುರುವಾಗುವ ಕೂಗು ಅದು. ಅಜ್ಜ ಹುಟ್ಟಿನ ಅಲಗನ್ನು ನೀರಿನಲ್ಲಿ ಅದ್ದಿ, ಹಿಡಿಗೆ ಕಿವಿ ಒತ್ತಿ ಕಣ್ಣು ಮುಚ್ಚಿ ಕೂರುತ್ತಿದ್ದದ್ದು ಏಕೆಂದು ನನಗೆ ಆಗ ತಿಳಿದಿರಲಿಲ್ಲ, ಕೇಳಿದರೆ "ಮಾತಾಡಬೇಡ" ಎನ್ನುತ್ತಿದ್ದ. ಅವನು ಕೊಡ್ಡಾಯಿಗೆ ಕಿವಿಗೊಡುತ್ತಿದ್ದ. ಬಾಫಿನ್ ಕೊಲ್ಲಿಯ ದೋಣಿಯಲ್ಲಿ ಮುಖ ಕೆಳಗೆ ಮಾಡಿ ಮಲಗಿದ್ದಾಗ, ಅಜ್ಜ ಹೋಗಿ ಇಪ್ಪತ್ತು ವರ್ಷದ ಮೇಲೆ, ಅದು ನನಗೆ ತಿಳಿಯಿತು.

ಟೆಕ್ಸಾಸಿನಲ್ಲಿರುವ ಕನ್ನಡಿಗರು ಸಾವಿರಗಟ್ಟಲೆ ಇದ್ದೀರಿ. ವಾರಾಂತ್ಯಕ್ಕೆ ಗ್ಯಾಲ್ವೆಸ್ಟನ್‌ಗೋ ಕಾರ್ಪಸ್ ಕ್ರಿಸ್ಟಿಗೋ ಹೋದಾಗ ಗಾಳ ಹಿಡಿಯುವವರೂ ನಿಮ್ಮಲ್ಲಿದ್ದೀರಿ. 2024ರ ಮಾರ್ಚಿನಿಂದ ಇಲ್ಲಿ ಒಬ್ಬರಿಗೆ ದಿನಕ್ಕೆ ಮೂರು ಟ್ರೌಟ್, 15ರಿಂದ 20 ಇಂಚಿನೊಳಗಿನವು. ಅಷ್ಟು ಸಾರಿಗೆ ಸಾಕು. ಕೊಕ್ಕೆಯ ಮುಳ್ಳು ಮಟ್ಟ ಮಾಡಿಕೊಳ್ಳಿ, ಕೈ ಒದ್ದೆ ಮಾಡಿಕೊಳ್ಳಿ, ಸದ್ದು ಮಾಡದ ದೊಡ್ಡ ಮೀನು ಬಂದರೆ ನೀರಿನಿಂದ ಎತ್ತದೆ ಬಿಟ್ಟುಬಿಡಿ. ನೀರಿಗಿಳಿಯುವಾಗ ಕಾಲು ಎಳೆದುಕೊಂಡು ನಡೆಯಿರಿ.